ಕೆರೆ ಯಾರದು? ತಂತಿ ಯಾರದು?

ಸಾರ್ವಜನಿಕರ ಹಣದಿಂದ ಕಟ್ಟಿದ್ದು ಸಾರ್ವಜನಿಕರಿಗೆ ಸೇರಿದ್ದು. ಇಷ್ಟು ಸಣ್ಣ ಮಾತು ಹೇಳಲಿಕ್ಕೂ ಈ ದೇಶದಲ್ಲಿ ಒಂದು ನಿರ್ಣಯ ಪಾಸು ಮಾಡಬೇಕಾಯಿತು. 1923ರ ಆಗಸ್ಟ್‌ನಲ್ಲಿ ಎಸ್.ಕೆ. ಬೋಲೆಯವರು ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಆ ನಿರ್ಣಯ ತಂದರು: ಸರ್ಕಾರದ ದುಡ್ಡಿನಿಂದ ಕಟ್ಟಿದ, ಸರ್ಕಾರದ ದುಡ್ಡಿನಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು. ಮರುವರ್ಷ ಮಹಾಡದ ಮುನಿಸಿಪಾಲಿಟಿ ಚವದಾರ ಕೆರೆ ಎಲ್ಲರದೂ ಎಂದು ಬರೆದುಕೊಂಡಿತು. ಬರೆದ ಕಾಗದ ಕಪಾಟಿನಲ್ಲಿ ಒಣಗಿತು. ನಮ್ಮವರ ಗಂಟಲು ಕೆರೆಯ ದಂಡೆಯಲ್ಲಿ ಒಣಗಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಕುಡಿದಾಗಲೇ ಆ ನಿರ್ಣಯಕ್ಕೆ ಜೀವ ಬಂದದ್ದು. ಆಮೇಲೆ ಸವರ್ಣೀಯರು ಸೆಗಣಿ ಗಂಜಳ ಸುರಿದು ಕೆರೆಯನ್ನು ಶುದ್ಧ ಮಾಡಿಕೊಂಡರು. ಕೆರೆ ಎಲ್ಲರದು ಎಂಬ ಹೈಕೋರ್ಟಿನ ಮಾತು ಬರಲಿಕ್ಕೆ 1937 ಬರಬೇಕಾಯಿತು. ನಿರ್ಣಯದಿಂದ ನೀರಿನ ತನಕ 14 ವರ್ಷ.

ಈ ಹಳೆಯ ಲೆಕ್ಕ ಈಗ ಯಾಕೆ? ಯಾಕೆಂದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಇನ್ನೊಂದು ಚವದಾರ ಕೆರೆ ತೋಡಿದ್ದಾರೆ. ಇದರಲ್ಲಿ ಹರಿಯುವುದು ನೀರಲ್ಲ, ಬೆಳಕು. ನೆಲದೊಳಗೆ ಹೂತಿಟ್ಟ ಗಾಜಿನ ಎಳೆ. ಸರ್ಕಾರಿ ಮಾತಿನಲ್ಲಿ ಆಪ್ಟಿಕಲ್ ಫೈಬರ್, ಮಂದಿ ಮಾತಿನಲ್ಲಿ ತಂತಿ. ಇದೂ ನಿರ್ಣಯದಿಂದಲೇ ಹುಟ್ಟಿದ್ದು. 2011ರ ಅಕ್ಟೋಬರ್‌ನಲ್ಲಿ ಕೇಂದ್ರದ ಮಂತ್ರಿಮಂಡಲ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಈ ತಂತಿ ಮುಟ್ಟಿಸುತ್ತೇವೆ ಎಂದು ಒಪ್ಪಿತು. 2015ರಲ್ಲಿ ಯೋಜನೆಗೆ ಭಾರತ್‌ನೆಟ್ ಎಂದು ಹೊಸ ಹೆಸರು ಇಟ್ಟರು. 2023ರ ಆಗಸ್ಟ್‌ನಲ್ಲಿ ಮತ್ತೆ 1,39,579 ಕೋಟಿ ರೂಪಾಯಿ ಮಂಜೂರು ಮಾಡಿದರು.

ಇದು ಯಾರ ಹಣ? ದೆಹಲಿಯ ದಯೆಯಲ್ಲ. 2002ರಿಂದ ಟೆಲಿಫೋನ್ ಕಂಪನಿಗಳ ವರಮಾನದಲ್ಲಿ 100ಕ್ಕೆ 5 ರೂಪಾಯಿ ಒಂದು ನಿಧಿಗೆ ಹೋಗುತ್ತ ಬಂದಿದೆ. ಹಳ್ಳಿಗೂ ಸೇವೆ ಮುಟ್ಟಲಿ ಎಂದೇ ಆ ನಿಧಿ. 2023ರ ಟೆಲಿಕಾಂ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು. ಕಂಪನಿಗಳಿಗೆ ವರಮಾನ ಎಲ್ಲಿಂದ ಬಂತು? ತೊಗರಿ ಕೊಯ್ದ ಕೂಲಿಯಲ್ಲಿ ನಮ್ಮವ್ವ ಹಾಕಿಸಿದ ರೀಚಾರ್ಜಿನಿಂದ ಬಂತು. ಫರ್ಸಿ ಕಲ್ಲು ಒಡೆಯುವ ಅಣ್ಣ ಊರಿಗೆ ಮಾತಾಡಲಿಕ್ಕೆ ಹಾಕಿಸಿದ ರೀಚಾರ್ಜಿನಿಂದ ಬಂತು. ನಮ್ಮ ಪೈಸೆ ಪೈಸೆ ಕೂಡಿ ಕೆರೆಯಾಗಿದೆ. 2024ರ ಹೊತ್ತಿಗೆ ಆ ನಿಧಿಯಲ್ಲಿ ಖರ್ಚಾಗದೆ ಉಳಿದದ್ದೇ 70 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕೆರೆ ತುಂಬಿದೆ, ದಂಡೆಯಲ್ಲಿ ನಾವು ನಿಂತಿದ್ದೇವೆ.

ತಂತಿ ಎಲ್ಲಿಗೆ ಬಂದು ನಿಂತಿತು? ಪಂಚಾಯತಿ ಕಚೇರಿಗೆ. ಪಂಚಾಯತಿ ಕಚೇರಿ ಎಲ್ಲಿದೆ? ಊರೊಳಗೆ. ನಾವೆಲ್ಲಿದ್ದೇವೆ? ಊರ ಹೊರಗೆ. ಭೂಗೋಳ ಇಷ್ಟೇ ಸ್ವಾಮಿ, ಇದಕ್ಕೆ ಬೇರೆ ನಕ್ಷೆ ಬೇಡ. ಎಷ್ಟೋ ಊರಲ್ಲಿ ಗೋಡೆಗೆ ಹೊಡೆದ ಪೆಟ್ಟಿಗೆ ಧೂಳು ತಿನ್ನುತ್ತ ಕೂತಿದೆ. ದೀಪ ಮಿಣುಕಿದ ಊರಲ್ಲೂ ಅದರ ಬೆಳಕು ಕಂಪ್ಯೂಟರ್ ಆಪರೇಟರ್‌ನ ಮೇಜು ದಾಟುವುದಿಲ್ಲ. ನೀರಿನ ಟಾಕಿ ಮೊದಲು ಊರೊಳಗೆ ಬಂತು, ಕೇರಿಗೆ ನಲ್ಲಿ ಆಮೇಲೆ ಬಂತು. ಡಾಂಬರು ಅಗಸಿಯ ತನಕ ಬಂತು, ಕೇರಿಯ ತನಕ ಮುರುಮು ಬಂತು. ಈಗ ತಂತಿಯ ಸರದಿ. ಜಾತಿಗೆ ಎಂಜಿನಿಯರಿಂಗ್ ಚೆನ್ನಾಗಿ ಗೊತ್ತು.

ಇಲ್ಲಿ ಮೂರು ಜನ ಮೂರು ಮಾತು ಹೇಳುತ್ತಾರೆ. ಮೂವರಿಗೂ ನಾವು ಉತ್ತರ ಕೊಡಬೇಕು.

ಮೊದಲನೆಯವರು ಪೇಟೆಯ ಬುದ್ಧಿವಂತರು. “ಎಲ್ಲರ ಕೈಯಾಗೂ ಮೊಬೈಲ್ ಅದ, ಮತ್ತ ತಂತಿ ಎದಕ್ಕ?” ಅನ್ನುತ್ತಾರೆ. ಇವರು 2020 ಮರೆತಿದ್ದಾರೆ. ಶಾಲೆಗೆ ಬೀಗ ಬಿದ್ದಿತು, ಪಾಠ ಮೊಬೈಲ್‌ನಲ್ಲಿ ಅಂದರು. ಅದಕ್ಕೆ ಎರಡು ವರ್ಷ ಮೊದಲು, 2017-18ರಲ್ಲಿ, ಸರ್ಕಾರದ್ದೇ ಮಾದರಿ ಸಮೀಕ್ಷೆ ಹೇಳಿತ್ತು: ದೇಶದ ಹಳ್ಳಿಗಳ 100 ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು 15 ಮನೆಗೆ, ಕಂಪ್ಯೂಟರ್ ಇದ್ದದ್ದು 5 ಮನೆಗೂ ಇಲ್ಲ. ಆಗ ನಮ್ಮ ಹಳ್ಳಿಯ ಮಾಸ್ತರರು ವಿದ್ಯಾಗಮ ಎಂದು ಗಿಡದ ನೆರಳಿಗೆ, ಕಟ್ಟೆಗೆ ಬಂದು ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಅದೂ ಅಕ್ಟೋಬರ್‌ನಲ್ಲಿ ನಿಂತಿತು. ಮಾಸ್ತರರೇ, ನಿಮಗೆ ಗೊತ್ತು: ಆ ವರ್ಷ ಕೇರಿಯ ಎಷ್ಟು ಹುಡುಗಿಯರು ಹತ್ತಿ ಬಿಡಿಸಲು ಹೋದವರು ಮತ್ತೆ ಬೆಂಚಿಗೆ ಬರಲಿಲ್ಲ, ಎಷ್ಟು ಹುಡುಗರು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದವರು ಅಲ್ಲೇ ಉಳಿದರು. ಮನೆಗೊಂದು ಮೊಬೈಲ್, ಅದು ಅಪ್ಪನ ಜೇಬಿನಲ್ಲಿ. ಅಪ್ಪ ಖಣಿಯಲ್ಲಿ. 2024ರ ಜುಲೈನಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದಾಗ ಯಾವ ಬೀದಿಯೂ ಬಂದ್ ಆಗಲಿಲ್ಲ. ಕೊಂಡುಕೊಳ್ಳುವವನಿಗೆ ಮಾತ್ರ ಸಿಗುವುದು ಸರಕು, ಹಕ್ಕಲ್ಲ. ಕೋಳಿಕ್ಕೋಡಿನ ಕಾಲೇಜು ಹಾಸ್ಟೆಲಿನಲ್ಲಿ ಮೊಬೈಲ್ ಕಸಿದುಕೊಂಡದ್ದನ್ನು ಪ್ರಶ್ನಿಸಿ ಒಬ್ಬ ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್‌ನಲ್ಲಿ ಕೇರಳದ ಹೈಕೋರ್ಟು ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗ ಎಂದಿತು. ನಮ್ಮ ಹಾಸ್ಟೆಲುಗಳ ಹುಡುಗ ಹುಡುಗಿಯರು ಆ ತೀರ್ಪನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಎರಡನೆಯವರು ನಮ್ಮವರೇ, ಚಳವಳಿಯ ಹಿರಿಯ ಗೆಳೆಯರು. “ರೊಟ್ಟಿ ಮೊದಲು ತಮ್ಮಾ, ಇಂಟರ್ನೆಟ್ ಆಮ್ಯಾಲ” ಅನ್ನುತ್ತಾರೆ. ಅಣ್ಣಂದಿರೇ, ಈಗ ರೊಟ್ಟಿಯೇ ತಂತಿಯ ಮೇಲೆ ನಡೆದು ಬರುತ್ತಿದೆ. ರೇಷನ್ ಅಂಗಡಿಯಲ್ಲಿ ಅವ್ವನ ಹೆಬ್ಬೆಟ್ಟು ಸರ್ವರ್ ಒಪ್ಪಿದರೆ ಜೋಳ, ಒಪ್ಪದಿದ್ದರೆ ನಾಳೆ ಬಾ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಯನ್ನು ದಿನಕ್ಕೆ ಎರಡು ಸಲ ಮೊಬೈಲ್‌ನಲ್ಲಿ ಫೋಟೋ ಹೊಡೆದು ಹಾಕುವುದು ಕಡ್ಡಾಯವಾಯಿತು. ನೆಟ್ ಇಲ್ಲದ ಗುಡ್ಡದಲ್ಲಿ ಒಡ್ಡು ಹಾಕಿದವರ ಬೆವರು ನೆಲಕ್ಕೆ ಕಂಡಿತು, ಸರ್ವರಿಗೆ ಕಾಣಲಿಲ್ಲ. ಬೆಂಬಲ ಬೆಲೆಗೆ ತೊಗರಿ ಮಾರಬೇಕೆಂದರೆ ಹೆಸರು ಮೊದಲು ಕಂಪ್ಯೂಟರಿನಲ್ಲಿ ಇರಬೇಕು. ವಿದ್ಯಾರ್ಥಿವೇತನದ ಅರ್ಜಿ ಪೋರ್ಟಲ್‌ನಲ್ಲಿ. ಜಾತಿ ಪ್ರಮಾಣಪತ್ರವೂ ಆನ್‌ಲೈನ್. ನಮ್ಮ ಜಾತಿಯನ್ನು ಸಾವಿರ ವರ್ಷ ಯಾವ ಸರ್ವರೂ ಇಲ್ಲದೆ ಗುರುತು ಹಿಡಿದ ಈ ಸಮಾಜಕ್ಕೆ ಈಗ ಅದನ್ನು ಖಾತ್ರಿ ಮಾಡಲು ನೆಟ್‌ವರ್ಕ್ ಬೇಕಂತೆ! ರೊಟ್ಟಿಗೂ ತಂತಿಗೂ ನಡುವೆ ಗೆರೆ ಎಳೆಯುವ ಕಾಲ ಹೋಯಿತು. ಆ ಗೆರೆ ನಾವು ಎಳೆದರೆ ತಂತಿ ಅವರಿಗೆ ಉಳಿಯುತ್ತದೆ, ರೊಟ್ಟಿಯೂ ಅವರ ಕೈಯಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. 70ರ ದಶಕದಲ್ಲಿ ದೊಡ್ಡ ಪತ್ರಿಕೆಗಳು ನಮ್ಮ ನೋವಿಗೆ ಒಂದು ಕಾಲಂ ಕೊಡದಿದ್ದಾಗ ಹಿರಿಯರು ಚಂದಾ ಎತ್ತಿ, ಸಾಲ ಮಾಡಿ ‘ಪಂಚಮ’ದಂಥ ಸಣ್ಣ ಪತ್ರಿಕೆಗಳನ್ನು ತಂದರು. ಅಚ್ಚಿನ ಮಳೆ ಯಾರ ಕೈಯಲ್ಲಿದೆಯೋ ಮಾತು ಅವರದು ಎಂದು ಅವರಿಗೆ ಗೊತ್ತಿತ್ತು. ಆಗ ರೊಟ್ಟಿ ಮೊದಲು, ಪತ್ರಿಕೆ ಆಮೇಲೆ ಎಂದು ಯಾರೂ ಕೂತುಕೊಳ್ಳಲಿಲ್ಲ.

ಮೂರನೆಯವರು ಅಧಿಕಾರಿಗಳು. ಇವರು ಇಲ್ಲ ಅನ್ನುವುದಿಲ್ಲ, ಅರ್ಜಿ ಕೊಡ್ರಿ ಅನ್ನುತ್ತಾರೆ. ಅರ್ಜಿಯಲ್ಲೇ ಇಲ್ಲ ಎಂಬುದು ಅಚ್ಚಾಗಿರುತ್ತದೆ. ನಮ್ಮಲ್ಲಿ ನಾಲ್ಕು ಮಂದಿ, ಹೆಬ್ಬೆಟ್ಟಿನ ತಾಯಿತಂದೆಯರ ಡಿಗ್ರಿ ಮಕ್ಕಳು, ಕೇರಿಯ ವಾಚನಾಲಯಕ್ಕೆ ಒಂದು ಸಂಪರ್ಕ, ಅಲ್ಲಿಂದ ಮನೆಮನೆಗೆ ವೈಫೈ, ಇಷ್ಟಕ್ಕೆ ಅನುದಾನ ಕೇಳಿ ಒಂದು ಕಚೇರಿಗೆ ಹೋದೆವು. ಯಾವ ಕಚೇರಿ ಎಂಬುದು ಬೇಡ, ಹೊಸ್ತಿಲು ಎಲ್ಲ ಕಡೆ ಅಷ್ಟೇ ಎತ್ತರ.

“ಸಂಘ ರಿಜಿಸ್ಟರ್ ಆಗ್ಯಾದೇನ್ರಿ?”

“ಆಗ್ಯಾದ್ರಿ ಸರ್.”

“ಮೂರು ವರ್ಷದ ಆಡಿಟ್?”

“ಸಂಘ ಕಟ್ಟಿ ಒಂದೇ ವರ್ಷ ಆಗ್ಯಾದ್ರಿ.”

“ಬ್ಯಾಂಕಿನಾಗ ರೊಕ್ಕ ಎಷ್ಟದ?”

“ರೊಕ್ಕ ಇದ್ರ ನಿಮ್ಮ ತನಕ ಯಾಕ ಬರ್ತಿದ್ವಿ ಸರ್?”

ಸಾಹೇಬರು ನಕ್ಕರು. “ಇದೆಲ್ಲಾ ಟೆಕ್ನಿಕಲ್ ಅದ. ನಿಮ್ಮಂಥೋರಿಗಿ ಹೊಲಿಗಿ ಮಷೀನಿನ ಸ್ಕೀಮ್ ಅದ ನೋಡ್ರಿ, ಅದಕ್ಕ ಹಾಕ್ರಿ.”

ಹೊಲಿಗೆ ಮಷೀನಿನ ಮೇಲೆ ನಮಗೆ ಸಿಟ್ಟಿಲ್ಲ. ನಿಮ್ಮಂಥೋರಿಗಿ ಎಂಬ ಮಾತಿನ ಮೇಲೆ ಸಿಟ್ಟು. ಮೂರು ವರ್ಷದ ಲೆಕ್ಕಪತ್ರ ಈ ಕಾಲದ ಜನಿವಾರ. ಹುಟ್ಟುವಾಗಲೇ ಹಾಕಿಕೊಂಡು ಬಂದವರಿಗೆ ಗರ್ಭಗುಡಿ, ಉಳಿದವರಿಗೆ ಹೊರಗಿನಿಂದ ಕೈಮುಗಿಯುವುದು. ಡಿಜಿಟಲ್ ಭಾರತ್ ನಿಧಿಯ 2024ರ ನಿಯಮಗಳು ಸಾಮಾಜಿಕವಾಗಿ, ಆರ್ಥಿಕವಾಗಿ ದುರ್ಬಲರಾದವರಿಗೂ ಮಹಿಳೆಯರಿಗೂ ಸೇವೆ ಮುಟ್ಟಿಸುವುದನ್ನು ನಿಧಿಯ ಉದ್ದೇಶಗಳಲ್ಲಿ ಎಣಿಸಿವೆ. ಹಣ ಯಾರ ಕೈಗೆ? ಟೆಂಡರಿನಿಂದ ಅಥವಾ ಅರ್ಜಿ ಕರೆದು ಆರಿಸಿದವರ ಕೈಗೆ. ಟೆಂಡರ್ ಕಂಪನಿಗಳ ಜಾತ್ರೆ. ಆದರೆ ಅರ್ಜಿ ಕರೆದು ಎಂಬ ಎರಡು ಪದಗಳಲ್ಲಿ ಕಾಲೂರುವಷ್ಟು ಜಾಗವಿದೆ. ಅಲ್ಲಿ ನಾವು ಕಾಲೂರಬೇಕು.

ನಮ್ಮ ಸೀಮೆಗೆ ಹಣವಿಲ್ಲ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 21 ಗುಲಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. 2012ರ ಕೊನೆಗೆ ಸಂಸತ್ತು 371(ಜೆ) ಒಪ್ಪಿತು, ಅಭಿವೃದ್ಧಿ ಮಂಡಳಿ ಬಂತು. 2023-24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕದ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಕಾಮಗಾರಿಯ ರೂಪದಲ್ಲಿ ಬರುತ್ತದೆ: ರಸ್ತೆ, ಕಟ್ಟಡ, ಭವನ. ಸಿಮೆಂಟು ಇದ್ದಲ್ಲಿ ಗುತ್ತಿಗೆದಾರ, ಗುತ್ತಿಗೆದಾರ ಇದ್ದಲ್ಲಿ ಗೌಡ. ಕೇರಿಯ ಮಂದಿ ತಾವೇ ಕಟ್ಟಿ ತಾವೇ ನಡೆಸುವ ಕೆಲಸಕ್ಕೆ ಆ ಕಡತದಲ್ಲಿ ಖಾನೆಯೇ ಇಲ್ಲ.

ಇನ್ನು ನಮ್ಮ ಹೆಸರಿನಲ್ಲೇ ಇರುವ ಹಣ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಜನಸಂಖ್ಯೆಗೆ ತಕ್ಕಂತೆ ಹಣ ತೆಗೆದಿಡಬೇಕೆಂದು 2013ರಲ್ಲಿ ರಾಜ್ಯ ಕಾಯ್ದೆ ಮಾಡಿತು. ಅದರಲ್ಲೇ 7(ಡಿ) ಎಂಬ ಕಿಂಡಿಯನ್ನೂ ಬಿಟ್ಟಿತು. ಎಲ್ಲರಿಗಾಗಿ ಕಟ್ಟಿದ ರಸ್ತೆ, ಸೇತುವೆಯಲ್ಲಿ ದಲಿತರ ಪಾಲು ಇಷ್ಟು ಎಂದು ಲೆಕ್ಕದಲ್ಲಿ ತೋರಿಸಿಬಿಡಬಹುದು! 2023ರಲ್ಲಿ ಆ ಕಲಮನ್ನು ತೆಗೆದುಹಾಕಿದರು, ಒಳ್ಳೆಯದಾಯಿತು. ಅದೇ ವರ್ಷ ಈ ಹಣದಲ್ಲಿ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಕಿಂಡಿ ಮುಚ್ಚಿ ಬಾಗಿಲು ತೆರೆದರು.

ಮತ್ತೆ ನಮ್ಮ ನೆಲ. ವಾಡಿಯಲ್ಲಿ ಎಸಿಸಿ 1968ರಿಂದ ಸುಣ್ಣದ ಕಲ್ಲು ಅಗೆಯುತ್ತಿದೆ. ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಚಿಮಣಿ. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿಯ ಮೇಲೆ ಈಗ ಸಿಮೆಂಟಿನ ಹುಡಿ ಕೂತಿದೆ. ಶಹಾಬಾದಿನ ಫರ್ಸಿ ದೇಶದ ನೂರಾರು ರೈಲು ನಿಲ್ದಾಣಗಳ ನೆಲವಾಯಿತು. ಅದನ್ನು ಸೀಳಿದವರ ಪುಪ್ಪಸದಲ್ಲಿ ಅದರ ಪುಡಿ ಉಳಿಯಿತು. ಗಣಿಯಿಂದ ಕೆಟ್ಟ ಊರಿಗೆ ಪರಿಹಾರವೆಂದು 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳ ಕಾನೂನು ಬಂತು: ಹಳೆಯ ಗುತ್ತಿಗೆಯವರು ರಾಜಧನದ 100ಕ್ಕೆ 30ರಷ್ಟು, ಹರಾಜಿನಲ್ಲಿ ಪಡೆದ ಹೊಸ ಗುತ್ತಿಗೆಯವರು 10ರಷ್ಟು ಅದಕ್ಕೆ ಕಟ್ಟಬೇಕು. ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಅದರ ಮೊದಲ ಬಾಬ್ತುಗಳು. ಕೇರಿಯ ಮಕ್ಕಳ ಓದಿನ ತಂತಿ ಶಿಕ್ಷಣವಲ್ಲದೆ ಮತ್ತೇನು?

ತಂತಿಯೇ ಇಲ್ಲ ಎನ್ನುವುದೂ ಸುಳ್ಳು. 1874ರಲ್ಲಿ ನಿಜಾಮರು ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿಸಿದರು. ಚಿತ್ತಾಪುರ, ಮಳಖೇಡ, ಸೇಡಂ ಆ ದಾರಿಯ ಸ್ಟೇಷನ್ನುಗಳು. ಶಹಾಬಾದ ಮುಂಬೈ–ಚೆನ್ನೈ ದಾರಿಯಲ್ಲಿದೆ. 2000ದಲ್ಲಿ ಹುಟ್ಟಿದ ರೈಲ್‌ಟೆಲ್ ಎಂಬ ಸರ್ಕಾರಿ ಕಂಪನಿ ದೇಶದ ಹಳಿಗಳ ಪಕ್ಕ ಫೈಬರ್ ಹೂತಿದೆ. ಮುಂಬೈಯ ವ್ಯಾಪಾರ ಚೆನ್ನೈಗೆ ನಮ್ಮ ಹಿತ್ತಲಿನಿಂದಲೇ ಹೋಗುತ್ತದೆ, ನಿಲ್ಲುವುದಿಲ್ಲ. ಚಿಂಚೋಳಿ ಪಟ್ಟಣಕ್ಕಂತೂ ರೈಲೂ ಇಲ್ಲ; ಅಲ್ಲಿನ ತಾಂಡಾಗಳು ಎರಡು ಸಲ ಊರ ಹೊರಗೆ.

ಹಾಗಾದರೆ ಕಂಪನಿಗೆ ಟೆಂಡರ್ ಕೊಟ್ಟು ಕೇರಿಗೆ ತಂತಿ ಎಳೆಸಿದರೆ ಮುಗಿಯಿತೇ? ಇಲ್ಲ. ಬಾವಿ ತೋಡಿ ಹಗ್ಗ ಗೌಡನ ಕೈಯಲ್ಲಿ ಕೊಟ್ಟ ಹಾಗಾಗುತ್ತದೆ. ನಾವು ಕೇಳುವುದು ತಂತಿಯ ಒಡೆತನ. ಇದು ಹಗಲುಗನಸಲ್ಲ. ಸಂಘಸಂಸ್ಥೆಗಳಿಗೆ ಸರ್ಕಾರ ಗಾಳಿಯ ತರಂಗ ಕೊಡದಿದ್ದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ರೇಡಿಯೋ ಮುಟ್ಟಿಸಿದರು. ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಆ ಆಸ್ತಿಯಲ್ಲಿ ಹಳ್ಳಿಯ ಸಂಘಗಳಿಗೆ ಪಾಲು ಬರಲಿಕ್ಕೆ 2006 ಆಯಿತು. ತುಮಕೂರಿನ ದೇವರಾಯನದುರ್ಗದ ಸುತ್ತ ‘ಜನಸ್ತು’ ಎಂಬ ಸಂಸ್ಥೆ ಊರವರದೇ ವೈಫೈ ಜಾಲ ಕಟ್ಟಿದೆ; ಹೊರಗಿನ ಇಂಟರ್ನೆಟ್ ಕಡಿದರೂ ಊರೊಳಗಿನ ಮಾತು, ಹಾಡು, ಕತೆ ಓಡಾಡುತ್ತವೆ. ಮಹಾರಾಷ್ಟ್ರದ ಪಾಲ್ಘರ್‌ನ ಆದಿವಾಸಿ ಸೀಮೆಯಲ್ಲಿ ಐಐಟಿ ಬೊಂಬಾಯಿಯವರು 25 ಹಳ್ಳಿಗಳಿಗೆ ಜಾಲ ಕಟ್ಟಿ ತೋರಿಸಿದರು. ಸ್ಪೇನಿನ ಕತಲೋನಿಯಾದಲ್ಲಿ 2004ರಲ್ಲಿ ಶುರುವಾದ ‘ಗೀಫಿ’ ಜಾಲ ಜನರ ಸಾಮೂಹಿಕ ಆಸ್ತಿಯಾಗಿಯೇ 30 ಸಾವಿರ ಕೊಂಡಿ ದಾಟಿ ಬೆಳೆಯಿತು. ಕೇರಳ 2023ರ ಜೂನ್‌ನಲ್ಲಿ ತನ್ನದೇ ಸರ್ಕಾರಿ ಜಾಲ ತೆರೆದು ಬಡವರ ಮನೆಗಳಿಗೆ ಬಿಟ್ಟಿ ಸಂಪರ್ಕ ಕೊಡಲು ಶುರುಮಾಡಿತು. ನಮ್ಮಲ್ಲಿ ಯಾಕಾಗದು? 2020ರ ಡಿಸೆಂಬರಿನಲ್ಲಿ ಕೇಂದ್ರವೇ ಪಿಎಂ-ವಾಣಿ ಎಂಬ ಪದ್ಧತಿ ಒಪ್ಪಿದೆ: ಚಹದಂಗಡಿಯವನೂ ಲೈಸೆನ್ಸ್ ಇಲ್ಲದೆ ವೈಫೈ ಹಂಚಬಹುದು. ಚಹದಂಗಡಿಗೆ ಆದದ್ದು ಮಾದಿಗರ ಮಹಿಳಾ ಸಂಘಕ್ಕೆ ಯಾಕಾಗದು? ತಾಂಡಾದ ಯುವಕರಿಗೆ ಯಾಕಾಗದು?

ನಮ್ಮ ಬೇಡಿಕೆಗಳನ್ನು ಇಲ್ಲಿ ಬರೆಯುತ್ತೇವೆ. ಇವು ಬೇಡುವ ಬೇಡಿಕೆಗಳಲ್ಲ.

ಒಂದು: ಪಂಚಾಯತಿಯಲ್ಲಿ ನಿಂತ ತಂತಿ ಮೊದಲು ಕೇರಿಗೆ, ತಾಂಡಾಕ್ಕೆ, ಹಾಸ್ಟೆಲಿಗೆ ಬರಬೇಕು. ಎಳೆಯುವ ಕೆಲಸ ಊರ ಹೊರಗಿನಿಂದ ಶುರುವಾಗಬೇಕು.

ಎರಡು: ಅನುದಾನದಲ್ಲಿ ತಂದ ಪೆಟ್ಟಿಗೆ, ಕಂಬ, ತಂತಿ ಕೇರಿಯ ಮಹಿಳಾ ಸಂಘದ ಅಥವಾ ಸಹಕಾರ ಸಂಘದ ಹೆಸರಿನಲ್ಲಿರಬೇಕು.

ಮೂರು: ಮೂರು ವರ್ಷದ ಆಡಿಟ್ ಎಂಬ ಜನಿವಾರ ಹರಿಯಬೇಕು. ಗ್ರಾಮಸಭೆಯ ನಿರ್ಣಯ, ಸ್ವಸಹಾಯ ಸಂಘದ ಪಾಸ್‌ಬುಕ್ ಸಾಕಾಗಬೇಕು. ಪೈಸೆ ತಪ್ಪದೆ ಸಾಲ ಕಟ್ಟಿದ ಅವ್ವಂದಿರ ಪಾಸ್‌ಬುಕ್ಕಿಗಿಂತ ದೊಡ್ಡ ಆಡಿಟ್ ಯಾವುದಿದೆ?

ನಾಲ್ಕು: ಅರ್ಜಿ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ.

ಐದು: ಪೆಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವ ಅನುದಾನ ಬೇಡ. ಶಾಲೆಗಳಿಗೆ ಕೊಟ್ಟ ಕಂಪ್ಯೂಟರುಗಳು ಬೀರುವಿನಲ್ಲಿ ಮುದುಕಾದದ್ದನ್ನು ನೋಡಿದ್ದೇವೆ. ಐದು ವರ್ಷದ ದುರಸ್ತಿ, ಬ್ಯಾಟರಿ, ಕೇರಿಯದೇ ಇಬ್ಬರು ಹುಡುಗ ಹುಡುಗಿಯರಿಗೆ ತರಬೇತಿ ಮತ್ತು ಸಂಬಳ ಅದರಲ್ಲೇ ಸೇರಬೇಕು.

2023ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಐಟಿ-ಬಿಟಿ ಎರಡೂ ಖಾತೆಗಳು ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆಯವರ ಕೈಗೆ ಬಂದವು. ಪಂಚಾಯತಿಯೂ ತಂತಿಯೂ ಒಂದೇ ಮೇಜಿನ ಮೇಲೆ ಬಂದ ಮೇಲೆ ಆ ಇಲಾಖೆ ಕೇಳಬೇಕು ಎಂದು ಅವರು ನಮಗೆ ಹೇಳಲಾರರು. ಅದೇ ವರ್ಷ ಪಂಚಾಯತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಾಯಿತು. ಅಂಥವು ರಾಜ್ಯದಲ್ಲಿ 5,600ಕ್ಕೂ ಹೆಚ್ಚು. ಹೆಸರು ಚೆನ್ನಾಗಿದೆ. ಅರಿವು ಕೇರಿಗೆ ನಡೆದು ಬರಲಿ.

ನಮ್ಮ ಸೀಮೆಗೆ ಸುದ್ದಿ ಮುಟ್ಟಿಸುವುದು ಕಷ್ಟ ಎನ್ನುವವರು ಸನ್ನತಿಗೆ ಹೋಗಿ ಬರಬೇಕು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ, ತಂತಿ ಇಲ್ಲ, ರೈಲು ಇಲ್ಲ, ಅಶೋಕನ ಮಾತು ಪಾಟಲಿಪುತ್ರದಿಂದ ಭೀಮಾ ನದಿಯ ದಂಡೆಗೆ ಬಂದು ತಲುಪಿತು. ಸಂಸ್ಕೃತದಲ್ಲಲ್ಲ, ಜನರ ಪ್ರಾಕೃತದಲ್ಲಿ. ಆಮೇಲೆ ಏನಾಯಿತು? 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಗೊತ್ತಾಯಿತು: ಆ ಶಾಸನದ ಕಲ್ಲಿಗೆ ನಡುವೆ ತೂತು ಕೊರೆದು ದೇವರ ಪೀಠ ಮಾಡಿಕೊಂಡಿದ್ದರು. ಜನರಿಗೆಂದು ಬಂದ ಮಾತು ದೇವರ ಕಾಲ ಕೆಳಗೆ ನೂರಾರು ವರ್ಷ ಮುಚ್ಚಿಹೋಗಿತ್ತು. ಪಂಚಾಯತಿಯ ಗೋಡೆಯ ಆ ಪೆಟ್ಟಿಗೆಗೂ ಅದೇ ಗತಿ ಬರಕೂಡದು. ಮಾಳಿಗೆ ತಾನಾಗಿ ಕುಸಿಯಲಿ ಎಂದು ಕಾಯುವ ಜನ ನಾವಲ್ಲ.

ಗೆಳೆಯರೇ, ಮಾಸ್ತರರೇ, ಹಾಸ್ಟೆಲಿನ ತಮ್ಮ ತಂಗಿಯರೇ, ಕೆಲಸ ಇಷ್ಟು. 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ನಮ್ಮ ಪಂಚಾಯತಿಗೆ ತಂತಿ ಯಾವಾಗ ಬಂತು, ಎಷ್ಟು ದಿನ ನಡೆಯಿತು, ಯಾರ ಮನೆಗೆ ಹೋಯಿತು, ಖನಿಜ ನಿಧಿಯ ಹಣ ಯಾವ ಊರಿಗೆ ಖರ್ಚಾಯಿತು ಎಂದು ಕೇಳ್ರಿ. ಉತ್ತರವನ್ನು ಕೇರಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದ್ರಿ. ಅವ್ವಂದಿರ ಸಂಘದಲ್ಲಿ ಠರಾವು ಬರೆಯಿರಿ. ಬರುವ ಗ್ರಾಮಸಭೆಗೆ ಎಲ್ಲರೂ ಹೋಗ್ರಿ, ಹಿಂದಿನ ಸಾಲಿನಲ್ಲಿ ಕೂಡಬ್ಯಾಡ್ರಿ. ಠರಾವು ಪುಸ್ತಕದಲ್ಲಿ ಬರೆದಾಗುವ ತನಕ ಎದ್ದು ಬರಬ್ಯಾಡ್ರಿ.